ಎರಡನೆಯ ಈಡು

ಹಿತ್ತಾಳೆಯ ಹರಿವಾಣದಲ್ಲಿ ನೀರು. ಆ ನೀರಿನಲ್ಲಿ ಖಾಲಿ ತೋಟಾಗಳು, ಹೊಳೆಯಲ್ಲಿ ಸೊಂಟಮಟ್ಟ ಇಳಿದು ನಿಂತ ಜನರ ಹಾಗೆ, ಬಾಯಿ ಮೇಲೆ ಮಾಡಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ಕಿಟಕಿಯ ತಗಡಿನ ಬಾಗಿಲು ಹಾಕಿ ಹಗಲಲ್ಲೇ ಕತ್ತಲು ಮಾಡಿಕೊಂಡ ಕುಲುಮೆಯ ಕೋಣೆಯಲ್ಲಿ ಅಪ್ಪ ಒಂದು ಕಾಲು ಮಡಚಿ ಕೂತು, ಊದುಕೊಳವೆಯಿಂದ ದೀಪದ ಉರಿಯನ್ನು ಬಾಗಿಸಿ, ಒಂದೊಂದರ ಬಾಯಿಗೂ ತಾಗಿಸುತ್ತಿದ್ದ. ಹಳದಿ ಹಿತ್ತಾಳೆ ಮೊದಲು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಮಂಕು ಕೆಂಪು ಇನ್ನೇನು ಮೂಡಬೇಕು ಅನ್ನುವಷ್ಟರಲ್ಲಿ ಅಪ್ಪ ಇಕ್ಕಳದ ತುದಿಯಿಂದ ಅದನ್ನು ತಟ್ಟಿ ಬೀಳಿಸುತ್ತಿದ್ದ. ಚುಂಯ್ ಎಂದು ನೀರು ಅದನ್ನು ನುಂಗುತ್ತಿತ್ತು.

"ಕಣ್ಣು ಬಣ್ಣದ ಮೇಲೆ, ಕಿವಿ ನೀರಿನ ಮೇಲೆ," ಎನ್ನುತ್ತಿದ್ದ ಅಪ್ಪ. ಬಾಯಿ ಮೆತ್ತಗಾಗಬೇಕು, ಬುಡ ಗಟ್ಟಿಯಾಗಿಯೇ ಉಳಿಯಬೇಕು. ಬಿಸಿ ಬುಡಕ್ಕೆ ಇಳಿಯದಂತೆ ತಡೆಯುವುದು ನೀರು. ನಮ್ಮ ಮನೆಯ ವಿದ್ಯೆ ಇಷ್ಟೇ. ಈಡು ಹೊಡೆದಷ್ಟೂ ತೋಟಾದ ಬಾಯಿ ಗಡಸಾಗುತ್ತ ಹೋಗುತ್ತದೆ, ಗಡಸಾದದ್ದು ಸೀಳುತ್ತದೆ. ಹದವಾಗಿ ಕಾಯಿಸಿ ತಣಿಸಿದರೆ ಅದೇ ತೋಟಾ ಮತ್ತೆ ಮದ್ದು ತುಂಬಿಸಿಕೊಳ್ಳಲು ತಯಾರು.

ನಮ್ಮೂರು ಎರಡು ಕಲ್ಲುಗುಡ್ಡಗಳ ನಡುವೆ ಇತ್ತು. ಆ ಕಡೆಯ ಇಳಿಜಾರಿನಲ್ಲಿ ಕೋವಿ ಇದ್ದ ಮನೆಗಳು, ಈ ಕಡೆ ನಾವು ಮತ್ತು ನಮ್ಮಂಥವರು. ನಡುವೆ ಒಂದು ಹಳ್ಳ. ಆ ಕೋವಿಗಳು ಹಂದಿ ಹೊಡೆದದ್ದಕ್ಕಿಂತ ಸುದ್ದಿ ಹೇಳಿದ್ದೇ ಹೆಚ್ಚು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು. ಹಿರಿಯರು ತೀರಿಕೊಂಡರೆ ಎರಡು. ಹೆಣ್ಣು ಹುಟ್ಟಿದರೆ ಈಡೇ ಇಲ್ಲ. ಮೊದಲ ಸದ್ದಿಗೆ ಊರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿತ್ತು. ಎರಡನೆಯದು ಬಂದರೆ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಗುಡ್ಡ ಹತ್ತುತ್ತಿದ್ದರು. ಬಾರದಿದ್ದರೆ ಬಾಳೆಹಣ್ಣು, ಬೆಲ್ಲ ಹಿಡಿದುಕೊಂಡು ಹತ್ತುತ್ತಿದ್ದರು. ಸಾವಿನ ಈಡನ್ನು ಸತ್ತವರ ಕೋವಿಯಲ್ಲೇ ಹೊಡೆಯಬೇಕು, ಬೇರೆ ಮನೆಯದು ನಡೆಯದು. ಅದಕ್ಕೆ ಬೇಕಾದ ತೋಟಾ ಮಾತ್ರ ತಾತನ ಕಾಲದಿಂದಲೂ ನಮ್ಮ ಮನೆಯಿಂದಲೇ ಹೋಗಬೇಕು. ನಮ್ಮ ಅನ್ನವೂ ಅದೇ, ಮರ್ಯಾದೆ ಅಂತ ಏನಾದರೂ ಇದ್ದರೆ ಅದೂ ಅದೇ.

ಮರ್ಯಾದೆ ಎಂದೆ. ಆ ಮರ್ಯಾದೆಗೆ ಗೌಡರ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿ ಇತ್ತು. ನಾವು ಅದರ ಮೇಲೆ ನಿಲ್ಲಬೇಕು. ಜಗುಲಿ ಹತ್ತುವಂತಿಲ್ಲ. ನಮ್ಮ ಕೈಯ ತೋಟಾ ದೇವರ ಗೂಡಿನಲ್ಲಿ ಇಡಬಹುದು, ನಾವು ಮಾತ್ರ ಬಿಸಿಲಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಚ್ಚಿಕೊಳ್ಳುತ್ತದೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. "ಆಚಾರಿ, ಬೆಂಚಿನ ಕಾಲು ರಿಪೇರಿ ಮಾಡೋ" ಎಂದು ಮೇಷ್ಟರು ಪಾಠದ ನಡುವೆ ಎಬ್ಬಿಸಿದಾಗ ಆ ಕಾಲನ್ನೇ ಕಿತ್ತು ಅವರ ಮೇಜಿನ ಮೇಲಿಟ್ಟು ಬಂದೆ. ಮತ್ತೆ ಹೋಗಲಿಲ್ಲ.

ಮರಿಗೌಡರ ಮನೆ ಆ ಇಳಿಜಾರಿನ ದೊಡ್ಡ ಮನೆ. ಮರಿಗೌಡರು ಮುದುಕರು, ಕಡಿಮೆ ಮಾತಿನವರು. ಅವರ ತಮ್ಮ ಹುಚ್ಚೇಗೌಡ ಮಾತ್ರ ಅಣ್ಣನ ಪಾಲಿನ ಮಾತನ್ನೂ ತಾನೇ ಆಡುವವನು. ಪೇಟೆಯಲ್ಲಿ ಈಗ ಕಾಗದದ ತೋಟಾ ಸಿಗುತ್ತದೆ, ಈ ಆಚಾರಿಯ ಹಳೇ ಹಿತ್ತಾಳೆ ಯಾಕೆ ಎನ್ನುವುದು ಅವನ ಬಹುದಿನದ ವಾದ. ಒಂದು ದಿನ ಹಂದಿ ಕಾಯಲು ತೋಟಾ ಕೇಳಿ ಕಳಿಸಿದ್ದರು. ನಾನೂ ಅಪ್ಪನೂ ಒಯ್ದು ಚಪ್ಪಡಿಯ ಮೇಲೆ ನಿಂತೆವು. ಹುಚ್ಚೇಗೌಡ ಜಗುಲಿಯ ಕಂಬಕ್ಕೆ ಒರಗಿ ಎಲೆಅಡಿಕೆ ಜಗಿಯುತ್ತಿದ್ದ.

"ಏನ್ ಆಚಾರಿ, ಮದ್ದು ತುಂಬಿ ತಂದಿದ್ದೀಯೋ, ಇಲ್ಲ ನಿನ್ನ ಮಗನ ತಲೆ ಥರ ಖಾಲೀನೇ ತಂದಿದ್ದೀಯೋ?"

ಅಪ್ಪ ನಕ್ಕ. "ಹೂಂ ಗೌಡ್ರೆ," ಎಂದು ತಲೆಯಾಡಿಸಿದ.

"ಹೂಂ ಅಂತಾನೆ ನೋಡ್ರಲಾ!" ಹುಚ್ಚೇಗೌಡ ತೊಡೆ ತಟ್ಟಿದ. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ನೋಡಿ ಅಪ್ಪನೂ ಇನ್ನಷ್ಟು ನಕ್ಕ.

"ಸುಮ್ಕಿರ್ಲಾ ಹುಚ್ಚ," ಎಂದರು ಮರಿಗೌಡರು ಒಳಗಿನಿಂದ.

ಹಳ್ಳ ಇಳಿಯುವಾಗ ಅಪ್ಪ ಮುಂದೆ, ನಾನು ಹಿಂದೆ. "ನಿನಗೆ ಮಾನ ಅನ್ನೋದು ಐತಾ?" ಎಂದೆ ಅವನ ಬೆನ್ನಿಗೆ. ಅವನು ನಡೆಯುತ್ತಲೇ ಇದ್ದ. "ಮುಖಕ್ಕೆ ಉಗಿದ್ರೂ ಹಲ್ಲು ಕಿರೀತೀಯಲ್ಲ, ನೀನೊಬ್ಬ ಗಂಡಸಾ?" ಅವನು ದಾರಿಯ ಪಕ್ಕ ಬಗ್ಗಿ ಉತ್ತರಾಣಿಯ ಒಂದು ಕಡ್ಡಿ ಮುರಿದುಕೊಂಡು ಹಲ್ಲಿಗೆ ಹಾಕಿದ. ಆ ನಿಧಾನ ಕಂಡು ನನ್ನ ಮೈಯೆಲ್ಲ ಉರಿಯಿತು. ಆಮೇಲೆ ಆ ಬೆನ್ನಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನ್ನು ಸಹಿಸಿಕೊಂಡು ನಡೆಯುತ್ತಿದ್ದಾನೆ ಎಂದುಕೊಂಡೆ. ಅಷ್ಟು ಸಹಿಸುವವನನ್ನು ಕಂಡು ನನಗೆ ಅಸಹ್ಯವಾಯಿತು.

ಮರಿಗೌಡರು ಸತ್ತದ್ದು ಸುಗ್ಗಿ ಮುಗಿದ ಮೇಲೆ. ಬೆಳಿಗ್ಗೆ ಆಳು ಓಡುತ್ತ ಬಂದು, ಅಪ್ಪನ ಎದುರು ನಿಂತು, ಅಕ್ಕಪಕ್ಕಕ್ಕೆ ಕೇಳದಂತೆ ಹೇಳಿದ: "ಆಚಾರೀ, ದೊಡ್ಡಗೌಡ್ರು ಹೋಗ್ಬುಟ್ರು. ಜೋಡಿ ತೋಟಾ ಬೇಕಂತೆ. ಈಡು ಹಾರೋಗಂಟ ಯಾರ್ಗೂ ಯೋಳಂಗಿಲ್ಲ."

ನಮ್ಮಲ್ಲಿ ಒಂದು ರೂಢಿ ಉಂಟು. ದೊಡ್ಡ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಮನೆಯೊಳಗೆ ನಿಂತ ನೀರನ್ನೆಲ್ಲ ಚೆಲ್ಲಬೇಕು. ಕೊಡ, ಗುಡಾಣ, ಬಚ್ಚಲ ಹಂಡೆ, ಯಾವುದರಲ್ಲೂ ಹಳೇ ನೀರು ಇರಕೂಡದು. ಚೆಲ್ಲಿ ಹೊರಬಂದ ಹೆಂಗಸು ಬಾವಿಗೆ ಹೋಗಿ ತಲೆಗೆ ಸುರಿದುಕೊಂಡು ಬರುವ ತನಕ ಮತ್ತೆ ಕುಲುಮೆಗೆ ಕಾಲಿಡುವಂತಿಲ್ಲ. ಆ ರೂಢಿಯಂತೆ ಅವ್ವ ಎಲ್ಲವನ್ನೂ ಚೆಲ್ಲಿದಳು. ಅಪ್ಪ ತೋಟಾ ಆರಿಸಲು ಹಿತ್ತಿಲ ಪೆಟ್ಟಿಗೆಯ ಹತ್ತಿರ ಇದ್ದಾಗ ಕುಲುಮೆಯ ಹರಿವಾಣವನ್ನೂ ಬರಿದು ಮಾಡಿ ಅಲ್ಲೇ ಇಟ್ಟು ಹೊರಗೆ ಬಂದಳು. ಅಪ್ಪ ಒಳಗೆ ಹೋಗಿ ಕಿಟಕಿ ಮುಚ್ಚಿ, ಬಾಗಿಲಿಗೆ ಬೆನ್ನು ಮಾಡಿ ಕೂತ. ಅವ್ವ ಹೊಸಿಲಿನಾಚೆ ನಿಂತು ಹೇಳಿದಳು:

"ಏನಂದ್ರೆ, ಹರಿವಾಣದ ನೀರೂ ಚೆಲ್ಲಿವ್ನಿ. ಮಿಂದು ಹೊಸ ನೀರು ತರ್ತೀನಿ, ಅಲ್ಲೀಗಂಟ ಕಾಯಿಸ್ಬ್ಯಾಡಿ."

ಅಪ್ಪ ತಲೆಯಾಡಿಸಿದ. ನಾನು ಹೊರಗಿನ ಕಟ್ಟೆಯಲ್ಲಿ ಕೂತಿದ್ದವನು ಅವಳ ಮಾತನ್ನೂ ಕೇಳಿದೆ, ಅವನ ತಲೆಯಾಡಿದ್ದನ್ನೂ ಕಂಡೆ. ಕೊಳವೆ ಬಾಯಿಗಿಟ್ಟವನ ತಲೆ ಹೇಗೂ ಆಡುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಅವ್ವ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಅವಳು ಒದ್ದೆ ಸೀರೆಯಲ್ಲಿ ತಿರುಗಿ ಬರುವ ಹೊತ್ತಿಗೆ ಅಪ್ಪ ಮದ್ದು ತುಂಬಿದ ಎರಡು ತೋಟಾವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟು ನಿಂತಿದ್ದ. ಅವ್ವ ಅವನ ಮುಖ ನೋಡಿದಳು, ಹರಿವಾಣದ ನೀರಿನ ಮಾತು ಕೇಳಲು ಬಾಯಿ ತೆರೆದಳು. ಆಳು "ಬಿರ್ರನೆ ಬಾ ಆಚಾರಿ" ಎಂದು ಅವಸರಪಡಿಸಿ ಅವನನ್ನು ಹೊರಡಿಸಿಬಿಟ್ಟ.

ಮರಿಗೌಡರ ಮಗ ಪಾಪಣ್ಣ ತನ್ನ ತಂದೆಯ ಒಂಟಿನಳಿಗೆಯ ಕೋವಿ ಹಿಡಿದು ಅಂಗಳದ ನಡುವೆ ನಿಂತ. ಒಂದು ಈಡು ಹಾರಿತು. ಎದುರು ಗುಡ್ಡ ಅದನ್ನು ಹಿಂದಕ್ಕೆ ಎಸೆಯಿತು. ಪಾಪಣ್ಣ ಕೋವಿಯನ್ನು ನಡುವೆ ಮಡಚಿ ತೆರೆದು ಖಾಲಿ ತೋಟಾ ತೆಗೆಯಲು ಬೆರಳು ಹಾಕಿದ. ಬರಲಿಲ್ಲ. ಉಗುರು ಹಾಕಿದ, ಚಾಕುವಿನ ತುದಿ ಹಾಕಿದ. ಒಳಗಿನ ತೋಟಾ ನಳಿಗೆಗೆ ಕಚ್ಚಿಕೊಂಡು ಕೂತಿತ್ತು. ಅದು ಹೊರಬಾರದೆ ಎರಡನೆಯದನ್ನು ಹಾಕುವಂತಿಲ್ಲ. ಬಿಸಿಲು ಏರುತ್ತಿತ್ತು. ಹೆಂಗಸರ ಅಳು ನಿಂತು, ಎಲ್ಲರೂ ಕೋವಿಯನ್ನೇ ನೋಡತೊಡಗಿದರು. ಕೊನೆಗೆ ಯಾರೋ, "ಹೆಣ ಕಾಯಿಸಬಾರದು, ಎತ್ರಪ್ಪ" ಎಂದರು.

ಅಷ್ಟರಲ್ಲಿ ಹಳ್ಳದ ದಾರಿಯಲ್ಲಿ ಜನ ಕಂಡರು. ಪಾಪಣ್ಣನ ಹೆಂಡತಿ ತುಂಬುಬಸುರಿ ಎಂದು ಇಡೀ ಊರಿಗೆ ಗೊತ್ತಿತ್ತು. ಒಂದು ಈಡು ಕೇಳಿಸಿತ್ತು, ಎರಡನೆಯದು ಕೇಳಿಸಿರಲಿಲ್ಲ. ಬಾಳೆಗೊನೆ ಹೊತ್ತವನೊಬ್ಬ ಎಲ್ಲರಿಗಿಂತ ಮುಂದೆ, ಹಿಂದೆ ಬೆಲ್ಲದ ತಟ್ಟೆ ಹಿಡಿದ ಹೆಂಗಸರು, ನಗುತ್ತ, ಏದುಸಿರು ಬಿಡುತ್ತ. "ಗಂಡಂತೆ ಗಂಡು! ಎಲ್ರೀ ತಾತ? ಮೊದ್ಲು ತಾತನ ಬಾಯಿಗೆ ಬೆಲ್ಲ ಹಾಕ್ರೀ!" ಎಂದು ಕೂಗುತ್ತಲೇ ಒಬ್ಬಳು ಅಂಗಳಕ್ಕೆ ಕಾಲಿಟ್ಟಳು. ತಾತ ಚಟ್ಟದ ಮೇಲಿದ್ದರು.

ತಟ್ಟೆ ಕೆಳಗೆ ಬಿದ್ದ ಸದ್ದು ಆಮೇಲೆ ಎಷ್ಟೋ ದಿನ ನನ್ನನ್ನು ಎಬ್ಬಿಸಿದೆ.

ಸೂತಕದಲ್ಲಿ ಕೋವಿಯನ್ನು ಯಾರೂ ಬಿಚ್ಚಲಿಲ್ಲ. ತಿಥಿ ಮುಗಿದ ಮಾರನೆಯ ದಿನ ನಮಗೆ ಕರೆ ಬಂತು. ಹೋದಾಗ ಜಗುಲಿ ತುಂಬಿತ್ತು. ಮರಿಗೌಡರ ಹೆಂಡತಿ ದೇವೀರಮ್ಮ ಬಾಗಿಲ ಬಳಿ ಬರಿಗೈಯಲ್ಲಿ ಕೂತಿದ್ದರು. ಕೋವಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು.

"ನಮ್ಮಣ್ಣನ ಸಾವನ್ನ ಹೆರಿಗೆ ಮಾಡ್ಬುಟ್ಟಲ್ಲೋ ಆಚಾರಿ," ಎಂದ ಹುಚ್ಚೇಗೌಡ. "ಇನ್ಮ್ಯಾಕೆ ಈ ಕಡೆ ಯಾವ ಮನೆಗೂ ನಿನ್ನ ತೋಟಾ ಬ್ಯಾಡ. ಇದು ನನ್ನ ಮಾತಲ್ಲ, ಊರ ಮಾತು."

ಅಪ್ಪ ಅವನ ಬಾಯನ್ನೇ ನೋಡುತ್ತಿದ್ದ. ಈ ಸಲ ನಗಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ಚಪ್ಪಡಿ ಇಳಿದೆ.

"ತೋಟಾ ಅನ್ಬ್ಯಾಡಿ! ಕೋವಿ ಅನ್ನಿ! ನಿಮ್ಮ ನಳಿಗೆ ತುಕ್ಕು ತಿಂದೈತೆ, ವರ್ಷಕ್ಕೊಂದು ಸಲ ಎಣ್ಣೆ ಕಾಣದ ಕಬ್ಬಿಣ. ನಮ್ಮಪ್ಪ ಬಾಯಿ ಬಿಡೋನಲ್ಲ ಅಂತ ಎಲ್ಲಾನೂ ಅವನ ತಲೆಗೆ ಕಟ್ತೀರಾ? ಕೊಡಿ ಇಲ್ಲಿ, ಎಲ್ಲರ ಮುಂದೆ ತೆಗೆದು ತೋರಿಸ್ತೀನಿ."

"ಜಗುಲಿ ಹತ್ತಬ್ಯಾಡ ಕಣಲೇ!"

ಹತ್ತಿದೆ. ನಮ್ಮ ಮನೆಯಿಂದ ಆ ಜಗುಲಿ ಹತ್ತಿದ ಮೊದಲನೆಯವನು ನಾನು. ಆ ಗಳಿಗೆಯಲ್ಲಿ ಅದೊಂದು ಗೆಲುವೇ ಅನಿಸಿತು. ಕೋವಿ ಎತ್ತಿಕೊಂಡು ಬಂದು, ಬೇಲಿಯ ಉದ್ದನೆಯ ಕೋಲೊಂದನ್ನು ಕೆತ್ತಿ, ನಳಿಗೆಯ ಬಾಯಿಂದ ತೂರಿಸಿ ಕಲ್ಲಿನಿಂದ ಹೊಡೆದೆ. ತೋಟಾ ಕಿತ್ತುಕೊಂಡು ಬಂದು ಅಂಗಳದಲ್ಲಿ ಉರುಳಿತು. ಗೆದ್ದವನ ಹಾಗೆ ಎತ್ತಿ ಹಿಡಿದೆ. ಎತ್ತಿ ಹಿಡಿದ ಮೇಲೆ ನೋಡಿದೆ.

ಬುಡ ಊದಿಕೊಂಡಿತ್ತು. ಪಾಪಣ್ಣ ಚಾಕು ಹಾಕಿದ ಕಡೆಯಲ್ಲೆಲ್ಲ ಅಂಚು ಬೆಣ್ಣೆಯ ಹಾಗೆ ಕೊರೆದುಹೋಗಿತ್ತು. ಬಾಯಲ್ಲಷ್ಟೇ ನಿಲ್ಲಬೇಕಾದ ನವಿಲುಬಣ್ಣ ಬುಡದ ತನಕ ಇಳಿದು ಕಪ್ಪಾಗಿತ್ತು. ನಮ್ಮ ಕಸುಬಿನ ಮಕ್ಕಳಿಗೂ ಗೊತ್ತಾಗುವಂಥದ್ದು; ಅದು ನೀರು ಕಾಣದ ತೋಟಾ. ಹೊಸಿಲಿನಾಚೆಯಿಂದ ಅವ್ವ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಮುಷ್ಟಿ ಮುಚ್ಚಲು ಹೋದೆ. ಪಾಪಣ್ಣ ಆಗಲೇ ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಿದ್ದ.

"ಬುಡ ಬೆಂದೈತೆ," ಎಂದ ಅವನು ಮೆಲ್ಲಗೆ.

ಅಪ್ಪ ಇದನ್ನೇನೂ ನೋಡಿರಲಿಲ್ಲ. ನಮಗೆಲ್ಲ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ನಾನು ಕೆಳಗಿಟ್ಟ ಕೋವಿಯನ್ನು ಬಿಸಿಲಿಗೆ ಹಿಡಿದು ನಳಿಗೆಯೊಳಗೆ ಇಣುಕುತ್ತಿದ್ದ.

"ನೋಡಿದ್ರಾ?" ಹುಚ್ಚೇಗೌಡ ಎದ್ದು ಬಂದ. "ಮಗನೇ ತೆಗೆದು ತೋರಿಸ್ದ ಅಪ್ಪನ ಕೆಲಸವ! ಏಯ್ ಆಚಾರಿ, ಏನ್ಲಾ ಯೋಳೀಯೆ ಇದ್ಕೆ?"

ಅಪ್ಪ ತಿರುಗಲಿಲ್ಲ. ಕೋವಿಯನ್ನು ಇನ್ನೊಂದು ಕಡೆಯಿಂದ ನೋಡಿ, ತನಗೆ ತಾನೇ ಎಂಬಂತೆ ಗಟ್ಟಿಯಾಗಿ, "ನಳಿಗೆ ಚೊಕ್ಕಟವಾಗೈತೆ ಗೌಡ್ರೆ. ಚಿನ್ನದಂಗೈತೆ. ಕೋವಿದೇನೂ ತಪ್ಪಿಲ್ಲ," ಎಂದ.

ಯಾರೋ ನಗಲು ಹೋಗಿ ನಿಲ್ಲಿಸಿದರು. ಹುಚ್ಚೇಗೌಡ ಹುಬ್ಬು ಗಂಟಿಕ್ಕಿ ಅಪ್ಪನ ಹಿಂದಕ್ಕೆ ಹೋದ. ಬಗ್ಗಿ, ಅವನ ತಲೆಯ ಹಿಂದೆ ಒಂದು ಚಪ್ಪಾಳೆ ತಟ್ಟಿದ. ಅಪ್ಪ ನಳಿಗೆಯ ತುದಿಯನ್ನು ಪಂಚೆಯಿಂದ ಒರೆಸುತ್ತಿದ್ದ. ಇನ್ನೊಂದು ತಟ್ಟಿದ, ಇನ್ನೂ ಜೋರಾಗಿ. ಮಾಡಿನ ಮೇಲಿನ ಪಾರಿವಾಳಗಳು ಹಾರಿದವು. ಅಪ್ಪ ಒರೆಸುತ್ತಲೇ ಇದ್ದ.

ಮೂರನೆಯದಕ್ಕೆ ಕೈ ಎತ್ತಿದವನು ಹಾಗೇ ಇಳಿಸಿದ. ಅವನ ಮುಖದಲ್ಲೂ ಏನೋ ಬತ್ತಿತು. ನಾನು ಅದನ್ನೆಲ್ಲ ನೋಡಿದ್ದು ಕೈಯಲ್ಲಿ ತೋಟಾ ಹಿಡಿದುಕೊಂಡು.

ಜೀವಮಾನವಿಡೀ ತಾನು ಮದ್ದು ತುಂಬಿದ ತೋಟಾಗಳಲ್ಲಿ ಪ್ರತಿ ಸಲವೂ ಒಂದನ್ನು ಹೊಡೆದು ನೋಡಿದವನು ಅಪ್ಪ. ಆ ಸದ್ದುಗಳು ಅವನ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದಿದ್ದವು. ಅವತ್ತು ಕತ್ತಲಲ್ಲಿ ಹರಿವಾಣ ಬರಿದಾದದ್ದು ಅವನಿಗೆ ಕಂಡಿರಲಿಲ್ಲ, ಚುಂಯ್ ಎನ್ನದ್ದು ಕೇಳಿಸಿರಲಿಲ್ಲ. ಜಗುಲಿಯ ಬೈಗುಳಕ್ಕೆ ಅವನು ನಕ್ಕದ್ದು ಬಾಯಿಗಳು ಆಡುವುದು ಕಂಡು, ಹಲ್ಲುಗಳು ಕಂಡು. ಮಾನ ಇಲ್ಲದ್ದಕ್ಕಲ್ಲ. ಹಳ್ಳದ ದಾರಿಯಲ್ಲಿ ನಾನು ಬೆನ್ನಿಗೆ ಎಸೆದದ್ದು ಯಾವುದೂ ಅವನಿಗೆ ತಾಗಿರಲಿಲ್ಲ. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಮಾತುಗಳೆಲ್ಲ ಕೇಳಿಸಿದ್ದು ನನಗೊಬ್ಬನಿಗೇ. ಈಗಲೂ ಅವು ನನ್ನ ಹತ್ತಿರವೇ ಉಳಿದಿವೆ.

ಅಪ್ಪ ಎದ್ದು ತಿರುಗಿದಾಗ ಎಲ್ಲರ ಮುಖ ನೋಡಿದ. ಆಮೇಲೆ ನನ್ನ ಕೈ. ತೋಟಾ ತೆಗೆದುಕೊಂಡು, ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಒತ್ತಿದ. ಗುರುತು ಬಿತ್ತು. ಅವನು ಚಪ್ಪಡಿಯ ಮೇಲೆ ಹೋಗಿ ನಿಂತುಕೊಂಡ.

ಮನೆಗೆ ಬಂದು ಅವ್ವನ ಮೇಲೆ ಹಾರಿಬಿದ್ದೆ. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಹೆಗಲು ಮುಟ್ಟಿ ಮುಂದೆ ನಿಂತು ಮಾತಾಡ್ತಿದ್ದೆ. ಅವತ್ತು ಮೈಲಿಗೆ, ಒಳಗೆ ಹೋಗಿ ಮುಟ್ಟೋ ಹಂಗಿರಲಿಲ್ಲ. ತಲೆ ಆಡಿಸಿದ್ರು, ನಂಬ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಿವುಡನ ಕೈಗೆ ಮದ್ದು ಯಾರು ಕೊಡ್ತಾರೆ ಮಗ? ಯಾರಿಗೂ ಯೋಳ್ಬ್ಯಾಡ ಅಂದಿದ್ರು. ನಿನಗಂತೂ ಬ್ಯಾಡ್ವೇ ಬ್ಯಾಡ ಅಂದಿದ್ರು."

ಆ ಕೊನೆಯ ಮಾತಿನ ಅರ್ಥ ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಆಚೆ ಕಡೆಯ ಮನೆಗಳು ಪೇಟೆಯಿಂದ ಕಾಗದದ ತೋಟಾ ತರಿಸಿದವು. ಅಪ್ಪ ಬೆಳಿಗ್ಗೆ ಎದ್ದು ಕುಲುಮೆಯ ಕೋಣೆ ಗುಡಿಸಿ, ಹರಿವಾಣಕ್ಕೆ ನೀರು ತುಂಬಿ, ಅದರ ಮುಂದೆ ಕೈ ಕಟ್ಟಿ ಕೂರುತ್ತಿದ್ದ. ನಾನು ಅವನ ಎದುರಿಗೆ ಹೋಗದೆ ದಿನ ಕಳೆಯುತ್ತಿದ್ದೆ.

ಹೀಗಿರುವಾಗ ದೇವೀರಮ್ಮ ನಮ್ಮ ಮನೆಗೆ ಬಂದರು. ಆ ಕಡೆಯ ಗೌಡತಿಯೊಬ್ಬಳು ಹಳ್ಳ ದಾಟಿ ಬಂದದ್ದನ್ನು ನಾನು ಕಂಡಿರಲಿಲ್ಲ. ಅವ್ವ ಮಣೆ ಹುಡುಕುವಷ್ಟರಲ್ಲಿ ಆಕೆ ಕುಲುಮೆಯ ಹೊಸಿಲ ಮೇಲೇ ಕೂತುಬಿಟ್ಟರು.

"ಸೊಸೆ ಹೆತ್ತಳು ಕಣವ್ವ. ಹೆಣ್ಣು."

"ಚೆಂದಾಗಿರ್ಲಿ ಅವ್ವಾರೆ," ಎಂದಳು ಅವ್ವ.

"ನಂಗೊಂದು ತೋಟಾ ಬೇಕು. ಆಚಾರಿ ಕೈಯಿಂದ್ಲೇ."

"ಹೆಣ್ಣಿಗೆ ಈಡು..." ಎಂದೆ ನಾನು.

ಆಕೆ ನನ್ನ ಕಡೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಅವತ್ತು ಊರೋರು ಬಾಳೆಹಣ್ಣು ತಂದ್ರಲ್ಲಪ್ಪ, ಅದು ಇವಳಿಗೇ ತಂದದ್ದು ಅಂದ್ಕೊಂಡಿವ್ನಿ. ಅವತ್ತಿನ ಈಡು ಇವಳಿಗೂ ಆಯ್ತು. ನಮ್ಮೆಜಮಾನ್ರದು ಎರಡನೇದು ಉಳ್ಕೊಂಡೈತೆ. ಅದು ಹಾರ್ದೆ ಅವ್ರು ಹೋದಂಗಾಗಿಲ್ಲ. ನಂಗೆ ನಿದ್ದೆ ಬರಾಕಿಲ್ಲ."

"ಚಿಕ್ಕಗೌಡ್ರು ಒಪ್ತಾರಾ?"

"ಅವನು ಚಪ್ಪಾಳೆ ಹೊಡ್ಕೊಂಡಿರ್ಲಿ ಬುಡು," ಎಂದರು ದೇವೀರಮ್ಮ.

ಆಮೇಲೆ ಅಪ್ಪನ ಮುಂದಕ್ಕೆ ಸರಿದು, ತುಟಿ ಅಗಲಿಸಿ, ನಿಧಾನವಾಗಿ ಅದನ್ನೆಲ್ಲ ಮತ್ತೊಮ್ಮೆ ಹೇಳಿದರು. ಅಪ್ಪ ಅವರ ಬಾಯನ್ನೇ ನೋಡಿದ. ತಲೆಯಾಡಿಸಿದ. ಅವನು ಯಾವಾಗಲೂ ಹಾಗೇ ಆಡಿಸುತ್ತಿದ್ದ.

ಕಿಟಕಿ ಮುಚ್ಚಿ ಕತ್ತಲು ಮಾಡಿದೆವು. ಹರಿವಾಣದಲ್ಲಿ ಒಂದೇ ಒಂದು ತೋಟಾ ನಿಂತಿತು, ಸೊಂಟಮಟ್ಟ. ನಾನು ಅಪ್ಪನ ಹಿಂದೆ ಕೂತು ಅವನ ಹೆಗಲ ಮೇಲೆ ಕೈ ಇಟ್ಟೆ. ಎಷ್ಟೋ ವರ್ಷದ ಮೇಲೆ ಅವನನ್ನು ಮುಟ್ಟುತ್ತಿದ್ದೆ; ಮೂಳೆ ಕೈಗೆ ಸಿಕ್ಕಿತು. ಅವನು ಬೆರಳನ್ನು ನೀರಿಗೆ ಅದ್ದಿ ನೋಡಿದ. ತೆಗೆದು ಮತ್ತೊಮ್ಮೆ ಅದ್ದಿದ. ಉರಿ ಬಾಗಿತು. ನವಿಲುಬಣ್ಣ ಬಂತು. ತಟ್ಟಿದ. ಚುಂಯ್ ಎಂದಾಗ ನಾನು ಅವನ ಹೆಗಲು ಅದುಮಿದೆ. ಅವನು ಹಿಂದೆ ತಿರುಗಲಿಲ್ಲ, ಉಸಿರು ಮಾತ್ರ ಬಿಟ್ಟ.

ಮದ್ದು ತುಂಬಿದ ತೋಟಾವನ್ನು ದೇವೀರಮ್ಮನೇ ಮಡಿಲಲ್ಲಿಟ್ಟುಕೊಂಡು ಹೋದರು. ಅಪ್ಪ ಕಿಟಕಿಯ ತಗಡು ತೆರೆದು, ಹರಿವಾಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಅದರ ಅಂಚಿಗೆ ಬೆರಳ ತುದಿಗಳನ್ನು ತಾಗಿಸಿ ನಿಂತ. ಇಷ್ಟು ವರ್ಷ ಊರಿನ ಹುಟ್ಟುಸಾವುಗಳನ್ನು ಅವನು ಹೇಗೆ ಎಣಿಸುತ್ತಿದ್ದ ಎಂದು ನನಗೆ ಆಗ ತಿಳಿಯಿತು.

ಎದುರು ಗುಡ್ಡದಲ್ಲಿ ಈಡು ಹಾರಿತು. ಹಳ್ಳದಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ತಗಡು ಒಮ್ಮೆ ಅದುರಿತು, ಹರಿವಾಣದ ನೀರಿನ ಮೇಲೆ ಒಂದು ಸಣ್ಣ ಉಂಗುರ ಎದ್ದು ಅಂಚಿಗೆ ಹೋಗಿ ಸೇರಿತು. ಊರು ಕಿವಿಗೊಟ್ಟು ಕಾಯಿತು. ಈ ಸಲ ಬಾಳೆಹಣ್ಣು ಹಿಡಿದು ಓಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪನೂ ಕಾಯುತ್ತಿದ್ದ. ನಾನು ಅವನ ಮುಂದೆ ಹೋಗಿ ನಿಂತು ಒಂದು ಬೆರಳು ಎತ್ತಿದೆ. "ಒಂದೇ ಅಪ್ಪ. ಇವತ್ತಿಗೆ ಒಂದೇ."

ಅವನು ನನ್ನ ಬಾಯನ್ನು ನೋಡಿ ತಲೆಯಾಡಿಸಿದ. ಬೆರಳುಗಳನ್ನು ಮಾತ್ರ ಅಂಚಿನಿಂದ ತೆಗೆಯಲಿಲ್ಲ. ನೀರಿನ ಅಲೆ ಅಡಗಿ, ಅದರಲ್ಲಿ ಎದುರು ಗುಡ್ಡ ಪೂರ್ತಿಯಾಗಿ ಬಂದು ನಿಂತ ಮೇಲೂ ಅವನು ನೀರನ್ನೇ ನೋಡುತ್ತಿದ್ದ.